ಹಳೆಯ ಡಿಐ ಪಿಕಪ್: ಲೈಟ್ ಮಂಕು, ಹಿಂದೆ ಎಡಗಡೆ ಕೂತಿದೆ, ಸ್ಟಿಯರಿಂಗ್ ಅಲೆದಾಟ. ಯಾವುದರಿಂದ ಶುರು ಮಾಡುವುದು?

ಪೆರ್ಲದ ತೋಟ

ಎಲ್ಲರಿಗೂ ನಮಸ್ಕಾರ. 2001ರ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಪಿಕಪ್, 2523 ಸಿಸಿ, ಟು ವೀಲ್ ಡ್ರೈವ್. ಮುಂದೆ ಬೀಮ್ ಆಕ್ಸಲ್, ಹಿಂದೆ ಮುಂದೆ ಎರಡೂ ಕಡೆ ಲೀಫ್ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್). ಕೆಎಲ್-14 (ಕಾಸರಗೋಡು) ನಂಬ್ರ, ಗೂಡ್ಸ್ ರಿಜಿಸ್ಟ್ರೇಷನ್. ಕೆಲಸ ಪೂರ್ತಿ ತೋಟದ್ದು: ಅಡಿಕೆ, ತೆಂಗಿನಕಾಯಿ, ಮಳೆಗೆ ಮೊದಲು ಕೋಳಿಗೊಬ್ಬರ, ಕೆಲವು ಸಲ ಮುರಕಲ್ಲು. ಇಂಜಿನ್, ಗೇರ್‌ಬಾಕ್ಸ್ ಚೆನ್ನಾಗಿಯೇ ಉಂಟು. ಬಾಕಿ ತೊಂದರೆಗಳು ಹೀಗೆ:

ಹೆಡ್‌ಲೈಟ್ ಹಳದಿಯಾಗಿ ಉರಿಯುತ್ತದೆ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ 13.7 ವೋಲ್ಟ್, ಬಲ್ಬಿನ ಪಿನ್‌ಗಳ ನಡುವೆ 10.4. ಬಲ್ಬ್ ಸಾದಾ ಎಚ್4, 60/55 ವ್ಯಾಟ್. ಬ್ರೇಕ್ ತುಳಿದರೆ ಹಿಂದಿನ ಬಲ ಇಂಡಿಕೇಟರ್ ಕೂಡ ಸಣ್ಣಗೆ ಉರಿಯುತ್ತದೆ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್, ಬ್ಯಾಟರಿ ಹೊಸದು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಳೆದುಕೊಂಡು ತಿರುಗುತ್ತದೆ.

ಹಿಂದೆ ಎಡಗಡೆ ಬಲಕ್ಕಿಂತ 3 ಸೆಂಟಿಮೀಟರ್ ಕೆಳಗೆ. ಸೆಟ್‌ನಲ್ಲಿ 7 ಪ್ಲೇಟ್, ಎಲ್ಲ 7 ಮಿಮೀ ದಪ್ಪದವು. 50ರ ಮೇಲೆ ಸ್ಟಿಯರಿಂಗ್ ಹಿಡಿದುಕೊಂಡೇ ಇರಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ ಅಲೆದಾಡುತ್ತದೆ.

ಗ್ಯಾರೇಜಿನವರ ಸಲಹೆ: 100/90 ಬಲ್ಬ್ ಹಾಕಿ, ಹಿಂದೆ ಎರಡೆರಡು 8 ಮಿಮೀ ಪ್ಲೇಟ್ ಸೇರಿಸಿ, ಈಗಿನದಕ್ಕಿಂತ 2 ಇಂಚು ಉದ್ದದ ಶಾಕಲ್ (ಲೀಫಿನ ಒಂದು ತುದಿಯನ್ನು ಚಾಸಿಗೆ ತೂಗಿಸುವ ಕೊಂಡಿ) ಹಾಕಿ ಎತ್ತರ ಮಾಡಿ. ತೋಟದ ದಾರಿಯಲ್ಲಿ ಡಿಫರೆನ್ಶಿಯಲ್ (ಹಿಂದಿನ ಆಕ್ಸಲಿನ ನಡುವಿನ ಗುಂಡು) ನೆಲಕ್ಕೆ ತಾಗುವುದು ತಪ್ಪಿದರೆ ಒಳ್ಳೆಯದೇ. ಈ ಮೂರರಲ್ಲಿ ಯಾವುದು ಸರಿ? ಮಳೆ ಹಿಡಿಯುವ ಮೊದಲು ಮುಗಿಸಬೇಕು.

---

ಬದಿಯಡ್ಕ ವಯರಿಂಗ್

ಮೂರರಲ್ಲಿ ಒಂದೂ ಸರಿಯಿಲ್ಲ ಮಾರಾಯ್ರೆ! ಲೀಫಿನ ವಿಷಯ ಬಲ್ಲವರು ಹೇಳಲಿ, ನಾನು ವಯರಿನದ್ದು ಹೇಳುತ್ತೇನೆ.

ನಿಮ್ಮ ಅಳತೆಯೇ ಉತ್ತರ ಕೊಟ್ಟಿದೆ. 13.7ರಲ್ಲಿ 3.3 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿದೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಲೆಕ್ಕದಲ್ಲಿ ನೇರವಾಗಿ ಇಳಿಯುವುದಿಲ್ಲ, ಅದಕ್ಕಿಂತ ತುಂಬ ಜೋರಾಗಿ ಇಳಿಯುತ್ತದೆ. ವೋಲ್ಟ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಹೋಯಿತು. ನಿಮ್ಮ 10.4 ವೋಲ್ಟಿಗೆ ಸಿಗುವುದು ಪೂರ್ತಿ ಬೆಳಕಿನ ಐದರಲ್ಲಿ ಎರಡು ಪಾಲು. ಇದಕ್ಕೆ 100/90 ಹಾಕಿದರೆ ಕರೆಂಟ್ ಇನ್ನೂ ಹೆಚ್ಚು, ಸೋರುವ ವೋಲ್ಟ್ ಇನ್ನೂ ಹೆಚ್ಚು. ಬೆಳಕು ಸ್ವಲ್ಪ ಏರಿದ ಹಾಗೆ ಕಂಡು, ಲೈಟ್ ಸ್ವಿಚ್ಚಿನ ಪ್ಲಾಸ್ಟಿಕ್ ಕರಗಿ ವಾಸನೆ ಬರುತ್ತದೆ. ರಿಫ್ಲೆಕ್ಟರ್ ಕೂಡ ಕಪ್ಪಾಗುತ್ತದೆ. ಫಿಟ್‌ನೆಸ್‌ಗೆ ಹೋದರೆ ಪಾಸೂ ಆಗುವುದಿಲ್ಲ.

ಮೊದಲು 3.3 ಎಲ್ಲಿ ಹೋಯಿತು ಹುಡುಕಿ. ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಡಿ. ಇಂಜಿನ್ ಓಡಲಿ, ಡಿಪ್ ಲೈಟ್ ಉರಿಯಲಿ, ಬಲ್ಬ್ ಕನೆಕ್ಟರ್ ಬಿಚ್ಚಬೇಡಿ. ಕರೆಂಟ್ ಹರಿಯದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಹೆಚ್ಚಿನವರು ತಪ್ಪುವುದು ಇಲ್ಲೇ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ (ಕ್ಲಾಂಪಿಗಲ್ಲ, ಸೀಸದ ಪೋಸ್ಟಿಗೆ), ಕೆಂಪು ಪ್ರೋಬ್ ಕನೆಕ್ಟರಿನ ಹಿಂಬದಿಯಿಂದ ಬಲ್ಬಿನ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಪಿನ್ನಿಗೆ. 0.2ರ ಒಳಗೆ ಇರಬೇಕು. ಆಮೇಲೆ ಬ್ಯಾಟರಿ ಪಾಸಿಟಿವ್ ಪೋಸ್ಟಿನಿಂದ ಬಲ್ಬಿನ ಡಿಪ್ ಪಿನ್ನಿಗೆ ಅಳೆಯಿರಿ. ಎರಡೂ ಕೂಡಿಸಿದರೆ 3.3 ಬರಬೇಕು. ಪಾಸಿಟಿವ್ ಬದಿಯದ್ದನ್ನು ಲೈಟ್ ಸ್ವಿಚ್ಚಿನ ಒಳಗೆ-ಹೊರಗೆ, ಡಿಪ್ ಸ್ವಿಚ್ಚಿನ ಒಳಗೆ-ಹೊರಗೆ ಹಾಗೇ ತುಂಡು ತುಂಡಾಗಿ ನೋಡಿ.

ಎಳೆದುಕೊಂಡು ತಿರುಗುವ ಸೆಲ್ಫಿಗೂ ಇದೇ ವಿಧಾನ. ಇಂಜಿನ್ ಸ್ಟಾಪ್ ಕೇಬಲ್ ಎಳೆದು ಹಿಡಿದು ಒಬ್ಬರು ಸೆಲ್ಫ್ ಹೊಡೆಯಲಿ. ನೆಗೆಟಿವ್ ಪೋಸ್ಟಿನಿಂದ ಸ್ಟಾರ್ಟರ್ ಮೋಟರಿನ ಬಾಡಿಗೆ ಅಳೆಯಿರಿ, ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಇಂಜಿನ್ ಅರ್ತ್ ಸ್ಟ್ರ್ಯಾಪ್ ಹೋಗಿದೆ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಸ್ಟ್ರ್ಯಾಪ್ ಇಲ್ಲದಿದ್ದರೆ ಸ್ಟಾರ್ಟರಿನ ಇನ್ನೂರು ಚಿಲ್ಲರೆ ಆಂಪಿಯರ್ ಬೇರೆ ದಾರಿ ಹುಡುಕುತ್ತದೆ: ಸ್ಟಾಪ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಯಾವುದು ಸಿಕ್ಕಿದರೆ ಅದು. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಸ್ಟಾಪ್ ಕೇಬಲಿನ ಹೊರಕವಚ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸಂಶಯವೇ ಬೇಡ. ಕೇಬಲ್ ಒಳಗೆ ಹಿಡಿದುಕೊಂಡು ಇಂಜಿನ್ ಆಫ್ ಆಗದೆ ಇರುವುದು ಇದರ ಮುಂದಿನ ಹಂತ. ಹೊಸ ಸ್ಟ್ರ್ಯಾಪ್ ಹಾಕುವಾಗ 35 ಚದರ ಮಿಮೀ ಹೆಣೆದ ತಾಮ್ರದ್ದು, ಒಂದು ತುದಿ ಗೇರ್‌ಬಾಕ್ಸ್ ಅಥವಾ ಸ್ಟಾರ್ಟರ್ ಬೋಲ್ಟಿಗೆ, ಇನ್ನೊಂದು ಚಾಸಿಗೆ. ಎರಡೂ ಕಡೆ ಪೈಂಟ್ ಕೆರೆದು ಬಿಳಿ ಕಬ್ಬಿಣ ಕಾಣಬೇಕು. ಬಿಗಿದ ಮೇಲೆ ಗ್ರೀಸ್ ಬಳಿಯಿರಿ, ಬಿಗಿಯುವ ಮೊದಲಲ್ಲ.

ಬ್ರೇಕ್ ತುಳಿದಾಗ ಇಂಡಿಕೇಟರ್ ಉರಿಯುವುದು ನೂರಕ್ಕೆ ನೂರು ಹಿಂದಿನ ಲೈಟಿನ ಅರ್ತ್. 21 ವ್ಯಾಟಿನ ಬ್ರೇಕ್ ಬಲ್ಬಿಗೆ ತನ್ನ ಅರ್ತ್ ಸಿಗದೆ ಪಕ್ಕದ ಇಂಡಿಕೇಟರ್ ಬಲ್ಬಿನ ಮೂಲಕ ಹಿಂದೆ ಹರಿದು ದಾರಿ ಹುಡುಕುತ್ತದೆ. ಹಳೆಯ ಪಿಕಪ್‌ಗಳಲ್ಲಿ ಟೈಲ್ ಲ್ಯಾಂಪಿಗೆ ಪ್ರತ್ಯೇಕ ಅರ್ತ್ ವಯರ್ ಇಲ್ಲದೆ ಬಾಡಿಯೇ ಅರ್ತ್ ಆಗಿರುತ್ತದೆ. ಆ ಬಾಡಿ ಚಾಸಿಯ ಮೇಲೆ ಕೂತಿರುವುದು ಮರದ ಅಥವಾ ರಬ್ಬರಿನ ಪ್ಯಾಕಿಂಗಿನಲ್ಲಿ, ನಡುವೆ ತುಕ್ಕು ಹಿಡಿದ ಬೋಲ್ಟ್. ಅದರ ಮೇಲೆ ನೀವು ಕೋಳಿಗೊಬ್ಬರ ಬೇರೆ ಸಾಗಿಸುತ್ತೀರಿ. ಅದರ ಅಮೋನಿಯ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಬಲ್ಬ್ ಹೋಲ್ಡರ್ ತೆಗೆದು ನೋಡಿ, ಪಾಚಿ ಬಣ್ಣದ ಪುಡಿ ಕಾಣುತ್ತದೆ. ಹೋಲ್ಡರ್ ಉಜ್ಜಿ ಪ್ರಯೋಜನವಿಲ್ಲ, ಹೊಸದು ಹಾಕಿ. ಎರಡೂ ಟೈಲ್ ಲ್ಯಾಂಪಿನಿಂದ 2.5 ಚದರ ಮಿಮೀ ಕಪ್ಪು ವಯರ್ ತಂದು ಒಂದೇ ಬೋಲ್ಟಿಗೆ ಚಾಸಿಗೆ ಕೊಡಿ.

ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), 12 ವೋಲ್ಟ್ 30 ಆಂಪಿಯರಿನವು. ಕೆಳಗಿನ 86, 85, 30, 87 ಅದರ ಪಿನ್ ನಂಬ್ರಗಳು. ಹಳೆಯ ವಯರಿಂಗ್ ಕಿತ್ತು ಹಾಕಬೇಡಿ. ಲ್ಯಾಂಪಿಗೆ ಬರುವ ಹಳೆಯ ಡಿಪ್ ವಯರ್ ಒಂದು ರಿಲೇಯ 86ಕ್ಕೆ, ಬ್ರೈಟ್ ವಯರ್ ಇನ್ನೊಂದರ 86ಕ್ಕೆ. 85 ಎರಡೂ ಅರ್ತಿಗೆ. 30ಕ್ಕೆ ಬ್ಯಾಟರಿಯಿಂದ 2.5 ಚದರ ಮಿಮೀ ವಯರ್, ಪ್ರತಿಯೊಂದಕ್ಕೂ ಬೇರೆ 15 ಆಂಪಿಯರ್ ಫ್ಯೂಸ್, ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. 87ರಿಂದ ಎರಡೂ ಬಲ್ಬಿಗೆ. ಎರಡು ಬಲ್ಬಿನ ಬ್ರೈಟ್ 120 ವ್ಯಾಟ್, ಅಂದರೆ ಸುಮಾರು 9 ಆಂಪಿಯರ್, 15 ಸಾಕು. 30 ಆಂಪಿಯರ್ ಫ್ಯೂಸ್ ಹಾಕಿದರೆ ವಯರ್ ಸುಟ್ಟ ಮೇಲೂ ಫ್ಯೂಸ್ ನಗುತ್ತ ಕೂತಿರುತ್ತದೆ. ಇನ್ನು ಹಳೆಯ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿನ 0.2 ಆಂಪಿಯರ್ ಅಷ್ಟೆ.

ಮೂರು ಎಚ್ಚರಿಕೆ. 87ಎ ಪಿನ್ ಇರುವ ರಿಲೇ ಸಿಕ್ಕಿದರೆ ಆ ನಡುವಿನ ಪಿನ್ನಿಗೆ ಏನೂ ಕೊಡಬೇಡಿ, ಲೈಟ್ ಆಫ್ ಮಾಡಿದಾಗ ಅಲ್ಲಿ ಸಪ್ಲೈ ಇರುತ್ತದೆ. ರಿಲೇಯ ಪಿನ್‌ಗಳು ಕೆಳಮುಖವಾಗಿ ಇರಲಿ, ನೀರು ನಿಲ್ಲಬಾರದು. ಎಚ್4 ಕನೆಕ್ಟರಿನಲ್ಲಿ ಅರ್ತ್ ಮತ್ತು ಇನ್ನೊಂದು ಪಿನ್ ಅದಲುಬದಲಾದರೆ ಎರಡೂ ಫಿಲಮೆಂಟ್ ಒಟ್ಟಿಗೆ ಮಿಣಮಿಣ ಉರಿಯುತ್ತವೆ. ಹಾಗೆ ಕಂಡರೆ ಬಲ್ಬನ್ನು ಬೈಯಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇದೆಯಾ, ಚಾರ್ಜಿಂಗ್ ಬಲ್ಬ್ ಇದೆಯಾ ತಿಳಿಸಿ. ಅದರ ಮೇಲೆ ಒಂದೆರಡು ಮಾತು ಬದಲಾಗುತ್ತದೆ.

---

ಚೆರ್ಕಳ ತಿರುವು

ಲೀಫಿನದ್ದು ನಾನು ಹೇಳುತ್ತೇನೆ. ಒಂದು ಲೆಕ್ಕದಿಂದ ಶುರು ಮಾಡುವ. ಪ್ಲೇಟಿನ ಗಡಸು ದಪ್ಪದ ಘನದಷ್ಟು ಏರುತ್ತದೆ. 7 ಮಿಮೀ ಪ್ಲೇಟಿಗೆ 343, ಏಳಕ್ಕೆ 2401. 8 ಮಿಮೀ ಒಂದಕ್ಕೆ 512. ಎರಡು ಸೇರಿಸಿದರೆ 3425. ಅಂದರೆ ಹಿಂಬದಿ ನೂರಕ್ಕೆ 43ರಷ್ಟು ಗಟ್ಟಿ. ಎರಡು ಪ್ಲೇಟ್ ಅಂತ ಕೇಳುವಾಗ ಸಣ್ಣದಾಗಿ ಕಾಣುತ್ತದೆ, ಖಾಲಿ ಗಾಡಿಯಲ್ಲಿ ಪೆರ್ಲದಿಂದ ಅಡ್ಕಸ್ಥಳಕ್ಕೆ ಹೋಗಿ ಬಂದರೆ ಸೊಂಟಕ್ಕೆ ಗೊತ್ತಾಗುತ್ತದೆ. ಸೊಂಟ ಬಿಡಿ, ಖಾಲಿಯಿರುವಾಗ ಹಿಂದಿನ ಚಕ್ರ ಹಾರುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ಹಿಂದೆ ಮೊದಲು ಲಾಕ್ ಆಗಿ ಬಾಲ ಅಡ್ಡ ಬರುತ್ತದೆ.

ಅದೂ ಅಲ್ಲದೆ ನಿಮ್ಮ ತೊಂದರೆ ಗಡಸು ಸಾಲದ್ದಲ್ಲ, ಒಂದು ಬದಿ ಮಾತ್ರ ಕೂತಿರುವುದು. ಡ್ರೈವರ್ ಕೂರುವುದು ಬಲಗಡೆ. ಆದರೂ ಎಡಗಡೆ ಕೂತಿದೆ ಅಂದರೆ ಅಲ್ಲಿ ಪ್ಲೇಟ್ ತುಂಡಾಗಿರಬೇಕು, ಇಲ್ಲವೇ ಬಳಲಿರಬೇಕು. ನಮ್ಮ ರಸ್ತೆಗಳು ನೀರು ಹೋಗಲಿಕ್ಕೆ ಎಡಕ್ಕೆ ಇಳಿಜಾರು, ಎಡ ಚಕ್ರವೇ ಗುಂಡಿಗೆ ಹೆಚ್ಚು ಬೀಳುವುದು. ಹಾಗಾಗಿ ಎಡ ಸೆಟ್ ಮೊದಲು ಸಾಯುವುದು ಹೊಸತಲ್ಲ. ಬಿಚ್ಚುವ ಮೊದಲು ಸಮತಟ್ಟು ನೆಲದಲ್ಲಿ, ನಾಲ್ಕು ಟೈರಿಗೂ ಸರಿಯಾದ ಗಾಳಿ ಹಾಕಿ, ಹಬ್ಬಿನ ನಡುವಿನಿಂದ ಬಾಡಿ ಅಂಚಿಗೆ ಅಳೆದು ಬರೆದಿಡಿ. ಆಕ್ಸಲಿನಿಂದ ಚಾಸಿಗೂ ಅಳೆಯಿರಿ. ಬಾಡಿ ಅಂಚಿನಲ್ಲಿ 3 ಸೆಂಟಿಮೀಟರ್ ವ್ಯತ್ಯಾಸ, ಚಾಸಿಗೆ 1 ಮಾತ್ರ ಅಂತಾದರೆ ಉಳಿದ 2 ಬಾಡಿ ಪ್ಯಾಕಿಂಗ್ ಕೊಳೆತದ್ದು, ಲೀಫಿನದ್ದಲ್ಲ.

ಬಿಚ್ಚುವ ಕ್ರಮ. ಹಿಂದಿನ ದಿನವೇ ಯು ಬೋಲ್ಟ್ (ಲೀಫನ್ನು ಆಕ್ಸಲಿಗೆ ಬಿಗಿಯುವ ಬೋಲ್ಟ್) ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಚಾಸಿಯನ್ನು ಲೀಫಿನ ಮುಂದಿನ ಹ್ಯಾಂಗರಿನ (ಚಾಸಿಯಲ್ಲಿ ಲೀಫಿನ ತುದಿ ಹಿಡಿಯುವ ಬ್ರ್ಯಾಕೆಟ್) ಸ್ವಲ್ಪ ಮುಂದೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲಿನ ಕೆಳಗೆ ಬೇರೆ ಜಾಕ್. ಮುರಕಲ್ಲು ಜೋಡಿಸಿ ಅದರ ಮೇಲೆ ಗಾಡಿ ಇಡಬೇಡಿ, ಅದು ಒತ್ತಡಕ್ಕೆ ಹೇಳದೆ ಕೇಳದೆ ಸೀಳಿ ಬಿಡುತ್ತದೆ. ಯು ಬೋಲ್ಟ್ ಕತ್ತರಿಸಿ ತೆಗೆದರೂ ಬೇಸರವಿಲ್ಲ, ಹೇಗೂ ಹಳೆಯದನ್ನು ಮತ್ತೆ ಹಾಕಬಾರದು, ಒಮ್ಮೆ ಎಳೆದುಕೊಂಡ ದಾರ ಎರಡನೇ ಸಲ ಹಿಡಿತ ಕೊಡುವುದಿಲ್ಲ. ಸೆಟ್ ಕೆಳಗಿಳಿಸಿದ ಮೇಲೆ ಸೆಂಟರ್ ಬೋಲ್ಟ್ (ಪ್ಲೇಟುಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಬೋಲ್ಟ್) ಬಿಚ್ಚುವ ಮುಂಚೆ ಅದರ ಎರಡೂ ಬದಿಗೆ ಸಿ ಕ್ಲಾಂಪ್ ಬಿಗಿಯಿರಿ. ಇಲ್ಲದಿದ್ದರೆ ನಟ್ ಕೊನೆಯ ಸುತ್ತಿನಲ್ಲಿ ಇರುವಾಗ ಪ್ಲೇಟುಗಳು ಸಿಡಿಯುತ್ತವೆ. ಬೆರಳು ಹೋದವರು ಈ ಕಸುಬಿನಲ್ಲಿ ಬೇಕಾದಷ್ಟು ಇದ್ದಾರೆ.

ಪ್ಲೇಟುಗಳನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ. ಬಿರುಕು ಹುಡುಕಬೇಕಾದ್ದು ಸೆಂಟರ್ ಬೋಲ್ಟಿನ ತೂತಿನ ಸುತ್ತ. ಯು ಬೋಲ್ಟ್ ಸಡಿಲವಾಗಿ ಓಡಿದ ಗಾಡಿಯಲ್ಲಿ ಪ್ಲೇಟ್ ತುಂಡಾಗುವುದು ಅಲ್ಲೇ, ಯಾಕೆಂದರೆ ಯು ಬೋಲ್ಟ್ ಬಿಗಿಯಿದ್ದರೆ ಆ ಭಾಗ ಬಾಗುವುದೇ ಇಲ್ಲ. ಇನ್ನೊಂದು ಜಾಗ ಮೇನ್ ಪ್ಲೇಟಿನ ಕೆಳಮೈ: ಎರಡನೇ ಪ್ಲೇಟಿನ ತುದಿ ಉಜ್ಜಿ ಉಜ್ಜಿ ಉಗುರಿಗೆ ಸಿಗುವಷ್ಟು ಗೀರು ಮಾಡಿರುತ್ತದೆ. ಆ ಗೀರಿನಿಂದಲೇ ಮುಂದೆ ತುಂಡಾಗುವುದು.

ಕೂತ ಪ್ಲೇಟನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಮಾಡಿ ಬಾಗಿಸುವವರ ಹತ್ತಿರ ಕೊಡಬೇಡಿ. ಉಕ್ಕಿನ ಹದ ಅಲ್ಲಿಗೆ ಮುಗಿಯಿತು, ಎರಡು ತಿಂಗಳಲ್ಲಿ ಮೊದಲಿಗಿಂತ ಕೆಳಗೆ ಕೂರುತ್ತದೆ. ತಣ್ಣಗೇ ಬಡಿದು ಕ್ಯಾಂಬರ್ (ಪ್ಲೇಟಿನ ಬಿಲ್ಲಿನಂಥ ಬಾಗು) ಕೊಡುವವರು, ಅಥವಾ ಫರ್ನೇಸಿನಲ್ಲಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಮಾಡುವವರು ಬೇಕು. ನನ್ನ ಅಭಿಪ್ರಾಯದಲ್ಲಿ ಮೇನ್ ಪ್ಲೇಟ್ ಮತ್ತು ಎರಡನೆಯದು ಎರಡೂ ಬದಿಗೆ ಹೊಸತು ಹಾಕಿ, ಉಳಿದ ಐದಕ್ಕೆ ಕ್ಯಾಂಬರ್ ಕೊಡಿಸಿ. ಒಂದೇ ಬದಿ ಮಾಡಿಸಿದರೆ ಈಗ ಎಡಕ್ಕೆ ವಾಲಿದ ಗಾಡಿ ಬಲಕ್ಕೆ ವಾಲುತ್ತದೆ, ಅಷ್ಟೇ ಲಾಭ.

ಲೋಡಿಗೆ ಬಲ ಬೇಕೇ ಬೇಕು ಅಂತಿದ್ದರೆ ಅಡಿಗೆ ಒಂದು ಗಿಡ್ಡ, ಹೆಚ್ಚುಕಡಿಮೆ ನೇರವಾದ ಪ್ಲೇಟ್ ಹಾಕಿಸಿ. ಖಾಲಿಯಿರುವಾಗ ಅದರ ತುದಿಗಳು ಮೇಲಿನ ಪ್ಲೇಟಿಗೆ ತಾಗುವುದಿಲ್ಲ, ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಪ್ಲೇಟ್ ಸೇರಿಸಿದರೆ ಯು ಬೋಲ್ಟ್ ಅಷ್ಟೇ ಉದ್ದ ಹೆಚ್ಚಿರಬೇಕು, ಬಿಗಿದ ಮೇಲೆ ನಟ್ಟಿನಿಂದ ಹೊರಗೆ ಮೂರು ದಾರವಾದರೂ ಕಾಣಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ಬೆರಳು ಹಾಕಿ ನೋಡಿ. ಕೂರದೆ ಬಿಗಿದರೆ ಆಕ್ಸಲ್ ಓರೆಯಾಗಿ ಗಾಡಿ ಏಡಿಯ ಹಾಗೆ ನಡೆಯುತ್ತದೆ.

ಬುಷ್ (ಲೀಫಿನ ತುದಿಯ ಕಣ್ಣಿನೊಳಗೆ ಹಾಕುವ ಕೊಳವೆ) ರಬ್ಬರಿನದ್ದೇ ಇರಲಿ. ನೈಲಾನ್ ಬುಷ್ ಕೆಂಪು ಮಣ್ಣಿನ ಕೆಸರಿಗೆ ಬೇಗ ಸವೆಯುತ್ತದೆ, ಕಿರಿಕಿರಿ ಶಬ್ದ ಬೇರೆ. ಐ ಬೋಲ್ಟ್ (ಆ ಕಣ್ಣಿನ ಮೂಲಕ ಹೋಗುವ ಬೋಲ್ಟ್), ಶಾಕಲ್ ಬೋಲ್ಟ್ ಕೈಬಿಗಿ ಮಾಡಿ ಬಿಡಿ. ಗಾಡಿ ನೆಲಕ್ಕಿಳಿದು ಭಾರ ಚಕ್ರದ ಮೇಲೆ ಬಂದ ಮೇಲೆಯೇ ಪೂರ್ತಿ ಬಿಗಿಯಬೇಕು. ಜಾಕಿನಲ್ಲಿ ನೇತಾಡುವಾಗ ಬಿಗಿದರೆ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಬುಷ್ಷಿನ ಕ್ವಾಲಿಟಿ ಸರಿಯಿಲ್ಲ ಅಂತ ಅಂಗಡಿಯವನೊಂದಿಗೆ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು ಇದೇ.

2 ಇಂಚು ಶಾಕಲ್ ಬೇಡ. ಅದು ಎತ್ತುವುದು ಒಂದೇ ಇಂಚು, ಲೀಫಿನ ಒಂದು ತುದಿ ಮಾತ್ರ ಇಳಿಯುವುದರಿಂದ. ಎತ್ತುವುದು ಚಾಸಿಯನ್ನು, ಆಕ್ಸಲನ್ನಲ್ಲ. ಡಿಫರೆನ್ಶಿಯಲ್ ನೆಲದಿಂದ ಈಗ ಎಷ್ಟು ಎತ್ತರವೋ ಅಷ್ಟೇ ಎತ್ತರದಲ್ಲಿ ಇರುತ್ತದೆ! ಅದಕ್ಕೆ ಬೇಕಾದ್ದು ದೊಡ್ಡ ಟೈರ್, ಅಥವಾ ತೋಟದ ದಾರಿಯ ನಡುದಿಣ್ಣೆಗೆ ಹಾರೆ.

---

ಉಪ್ಪಳ ಕಡಲಬದಿ

ಮೇಲಿನ ಇಬ್ಬರ ಮಾತಿಗೆ ಒಂದು ಸೇರಿಸುವುದು: ಹೊಸ ಪ್ಲೇಟ್ ತರುವ ಮುಂಚೆ ಹ್ಯಾಂಗರ್ ಕೂತಿರುವ ಜಾಗದ ಚಾಸಿ ಪರೀಕ್ಷೆ ಮಾಡಿ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಡಬ್ ಅಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಗೊಬ್ಬರ, ಮೀನಿನ ಉಪ್ಪುನೀರು ಇವೆಲ್ಲ ಬಾಡಿಯ ಹಲಗೆ ಸಂದಿನಿಂದ ಇಳಿದು ನಿಲ್ಲುವುದು ಹಿಂದಿನ ಹ್ಯಾಂಗರಿನ ಮೇಲೆ ಮತ್ತು ಬಾಕ್ಸ್ ಚಾಸಿಯ ಒಳಗೆ. ಚಾಸಿಯ ಅಡಿಯಲ್ಲಿ ನೀರಿಳಿಯುವ ತೂತುಗಳಿರುತ್ತವೆ, ಅವು ಕೆಂಪು ಮಣ್ಣಿನಿಂದ ಮುಚ್ಚಿರುತ್ತವೆ. ಮೊದಲು ಅವನ್ನು ತಂತಿ ಹಾಕಿ ಬಿಡಿಸಿ.

ತೂತು ಬಿದ್ದಿದ್ದರೆ ಪ್ಯಾಚ್ ಪ್ಲೇಟ್ ಚೌಕವಾಗಿ ಕತ್ತರಿಸಿ ಅಡ್ಡಕ್ಕೆ ವೆಲ್ಡ್ ಮಾಡಿಸಬೇಡಿ, ಆ ನೇರ ಗೆರೆಯಲ್ಲೇ ಚಾಸಿ ಮುರಿಯುತ್ತದೆ. ತುದಿಗಳು ಕೂಡುವ ಹಾಗೆ ವಜ್ರಾಕಾರದಲ್ಲಿ ಕತ್ತರಿಸಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಮತ್ತು ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವಯರ್ ಬಿಚ್ಚಿ, ವೆಲ್ಡಿಂಗಿನ ಅರ್ತ್ ಕ್ಲಾಂಪ್ ಕೆಲಸ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿ. ದೂರ ಹಿಡಿಸಿದರೆ ಕರೆಂಟ್ ಬೇರಿಂಗುಗಳ ಮೂಲಕ ಹೋಗಿ ಚುಕ್ಕೆ ಬೀಳಿಸುತ್ತದೆ. ಬ್ರೇಕ್ ಪೈಪನ್ನು ಕ್ಲಿಪ್ಪಿನ ಅಡಿಯಲ್ಲಿ ನೋಡುವುದು ಮರೆಯಬೇಡಿ, ಹೊರಗೆ ಚೆಂದ ಇದ್ದು ಕ್ಲಿಪ್ಪಿನೊಳಗೆ ಕಾಗದದಷ್ಟು ತೆಳ್ಳಗಾಗಿರುತ್ತದೆ.

ಪೈಂಟಿಗೆ: ಸಡಿಲ ತುಕ್ಕು ಪೂರ್ತಿ ತೆಗೆದು, ರಸ್ಟ್ ಕನ್ವರ್ಟರ್ ಬಳಿದು ಅದು ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಚಾಸಿ ಬ್ಲ್ಯಾಕ್. ವರ್ಷಕ್ಕೆ 3000 ಮಿಮೀ ಮೀರಿ ಮಳೆ ಹೊಯ್ಯುವ ಊರಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಸಮಯ. ತುಕ್ಕಿನ ಮೇಲೆಯೇ ಡಾಂಬರು ಬಳಿಯುವುದು ಎಲ್ಲಕ್ಕಿಂತ ಕೆಟ್ಟದು. ಒಳಗೆ ನೀರು ಸೇರಿಕೊಂಡು ಹೊರಗೆ ಕಾಣದ ಹಾಗೆ ತಿನ್ನುತ್ತದೆ.

ನಮ್ಮ ಕಡೆ ಲೀಫಿಗೆ ಸುಟ್ಟ ಆಯಿಲ್ ಹೊಡೆಯುವ ಅಭ್ಯಾಸ ಉಂಟಲ್ಲ, ಅದಕ್ಕೆ ಚೆರ್ಕಳದವರು ಏನು ಹೇಳುತ್ತೀರಿ? ತುಕ್ಕಿಗೆ ಒಳ್ಳೆಯದೇ.

---

ಚೆರ್ಕಳ ತಿರುವು

ತುಕ್ಕಿಗೆ ಒಳ್ಳೆಯದು, ರಬ್ಬರಿಗೆ ವಿಷ. ಬುಷ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಡ್ರಮ್ಮಿನ ಕಡೆ ಹಾರಿದರೆ ಅದು ಬೇರೆ ಕತೆ. ಧೂಳೂ ಅಂಟಿಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಸೆಟ್ ಬಿಚ್ಚಿದಾಗ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಹಚ್ಚಿದರೆ ಎರಡು ಮಳೆಗಾಲಕ್ಕೆ ಸಾಕು.

---

ಪೆರ್ಲದ ತೋಟ

ಅಳತೆ ತೆಗೆದೆ. ಹೆಡ್‌ಲೈಟಿನ ಅರ್ತ್ ಬದಿಯಲ್ಲಿ 1.4 ವೋಲ್ಟ್. ಪಾಸಿಟಿವ್ ಬದಿಯಲ್ಲಿ 1.9, ಅದರಲ್ಲಿ ಲೈಟ್ ಸ್ವಿಚ್ಚಿನಲ್ಲಿ 0.8, ಡಿಪ್ ಸ್ವಿಚ್ಚಿನಲ್ಲಿ 0.5. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಬಾಡಿಗೆ 1.2. ಸ್ಟಾಪ್ ಕೇಬಲ್ ಬೆಚ್ಚಗಿತ್ತು, ಸ್ಟ್ರ್ಯಾಪ್ ನೋಡಿದರೆ ನಾಲ್ಕೈದು ಎಳೆ ಮಾತ್ರ ಉಳಿದಿತ್ತು.

ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಉಂಟು, 30-0-30. ಚಾರ್ಜಿಂಗ್ ಬಲ್ಬೂ ಉಂಟು. ಬ್ಯಾಟರಿ ಡೌನ್ ಆಗುವುದನ್ನು ಹೇಗೆ ಹುಡುಕುವುದು? ಎಲ್ಲ ಫ್ಯೂಸ್ ತೆಗೆದಿಟ್ಟರೂ ಡೌನ್ ಆಗುತ್ತದೆ.

ಹಿಂದೆ ಎಡಗಡೆ ಮೂರನೇ ಪ್ಲೇಟ್ ಸೆಂಟರ್ ಬೋಲ್ಟಿನ ಹತ್ತಿರ ತುಂಡಾಗಿದೆ, ಬಿಚ್ಚುವ ತನಕ ಹೊರಗೆ ಕಾಣಲಿಲ್ಲ. ಸ್ಟಿಯರಿಂಗ್ ಅಲೆದಾಟ ಅದರಿಂದಲೇ ಇರಬಹುದಾ?

---

ಬದಿಯಡ್ಕ ವಯರಿಂಗ್

1.4 ಮತ್ತು 1.9 ಕೂಡಿಸಿದರೆ ಸರಿಯಾಗಿ 3.3. ಬಲ್ಬಿನ ಅರ್ತ್ ಪಿನ್ನಿಗೂ ಹೊಸ ವಯರ್ ಹಾಕಿ, ಅದು ಮೊದಲ ಅಂಕಿಯನ್ನು ತೆಗೆಯುತ್ತದೆ, ರಿಲೇ ಎರಡನೆಯದನ್ನು. ಮುಗಿದ ಮೇಲೆ ಬಲ್ಬಿನಲ್ಲಿ 13ರ ಮೇಲೆ ಬರಬೇಕು.

ಡ್ರೈನ್ (ಗಾಡಿ ನಿಂತಿರುವಾಗ ಬ್ಯಾಟರಿ ಸೋರುವುದು): ಎಲ್ಲ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ತೆಗೆದು ಪೋಸ್ಟ್ ಮತ್ತು ಕ್ಲಾಂಪಿನ ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಸೇರಿಸಿ. ಹಾಗೆ ಇರುವಾಗ ಕೀ ತಿರುಗಿಸಲೇ ಬಾರದು, ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಸ್ಟೀರಿಯೋ, ಗಡಿಯಾರ ಇಲ್ಲದ ಗಾಡಿಯಲ್ಲಿ ಸೊನ್ನೆಯ ಹತ್ತಿರ ಬರಬೇಕು, 50 ಮಿಲಿ ಆಂಪಿಯರ್ ದಾಟಬಾರದು. 0.4 ಬಂದರೆ ನಾಲ್ಕು ದಿನಕ್ಕೆ 38 ಆಂಪಿಯರ್ ಅವರ್ ಹೋಯಿತು. ಡೀಸೆಲ್ ಇಂಜಿನ್ ತಿರುಗಿಸಲಿಕ್ಕೆ ಮತ್ತೇನೂ ಉಳಿಯುವುದಿಲ್ಲ.

ಎಲ್ಲ ಫ್ಯೂಸ್ ತೆಗೆದರೂ ಹೋಗುತ್ತಿದೆ ಅಂದರೆ ಫ್ಯೂಸ್ ಇಲ್ಲದ ಸರ್ಕ್ಯೂಟ್. ಹಳೆಯ ಗಾಡಿಯಲ್ಲಿ ಅಂಥದ್ದು ಮೂರೇ: ಸ್ಟಾರ್ಟರ್, ಕೀ ಸ್ವಿಚ್ಚಿಗೆ ಹೋಗುವ ಮೇನ್ ವಯರ್, ಆಲ್ಟರ್ನೇಟರ್. ನನಗೆ ಸಂಶಯ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ. ನೆಗೆಟಿವ್ ತೆಗೆದಿಟ್ಟು ಆಲ್ಟರ್ನೇಟರಿನ ಹಿಂದಿನ ದಪ್ಪ ವಯರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಸೇರಿಸಿ. ಅಂಕಿ ಬಿದ್ದುಹೋದರೆ ಅದೇ ಕಳ್ಳ. ಖಾತ್ರಿಗೆ ಇನ್ನೊಂದು: ವಯರ್ ವಾಪಸ್ ಹಾಕಿ, ಇಂಜಿನ್ ಓಡಿಸಿ, ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿಯಲ್ಲಿ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ರೆಕ್ಟಿಫಯರ್ ಪ್ಲೇಟ್ ಮಾತ್ರ ಬದಲಾಯಿಸಬಹುದು, ಪೂರ್ತಿ ಆಲ್ಟರ್ನೇಟರ್ ಬೇಕಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ವಯರ್ ಬಿಚ್ಚಿ "ಚಾರ್ಜ್ ಆಗ್ತದಾ" ಅಂತ ನೋಡುವ ಪದ್ಧತಿ ಉಂಟಲ್ಲ, ಡಯೋಡ್ ಸಾಯಲಿಕ್ಕೆ ಅದೊಂದು ಸಾಕು. ಪ್ರೆಶರ್ ವಾಶರಿನಲ್ಲಿ ಆಲ್ಟರ್ನೇಟರಿಗೆ ನೇರ ನೀರು ಹೊಡೆಯುವುದೂ ಬೇಡ.

30-0-30 ಆಂಪಿಯರ್ ಮೀಟರ್ ತೆಗೆದುಹಾಕಿ ವೋಲ್ಟ್ ಮೀಟರ್ ಹಾಕಿ. ಗಾಡಿಯ ಪೂರ್ತಿ ಚಾರ್ಜಿಂಗ್ ಕರೆಂಟ್ ಬಾನೆಟ್ಟಿನಿಂದ ಡ್ಯಾಶ್‌ಬೋರ್ಡಿಗೆ ಬಂದು, ಆ ಮೀಟರಿನ ಎರಡು ನಟ್ಟಿನ ಮೂಲಕ ಹಾದು ವಾಪಸ್ ಹೋಗುತ್ತದೆ. ಒಂದು ನಟ್ ಸಡಿಲವಾದರೆ ಅಲ್ಲಿಂದಲೇ ಹೊಗೆ. ಅದಿರುವಾಗ ರಿಲೇಯ ಸಪ್ಲೈ ಬ್ಯಾಟರಿಯಿಂದ ತೆಗೆದರೆ ಲೈಟ್ ಹಾಕಿದಾಗಲೆಲ್ಲ ಮುಳ್ಳು ಚಾರ್ಜಿಂಗ್ ಅಂತ ತಪ್ಪು ತೋರಿಸುತ್ತದೆ. ಮೀಟರಿಗೆ ಹೋಗುವ ಎರಡೂ ವಯರಿನ ಬದಲು ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರ 10 ಚದರ ಮಿಮೀ ವಯರ್ ಎಳೆಯಿರಿ, ಬ್ಯಾಟರಿ ಬದಿಯಲ್ಲಿ ಫ್ಯೂಸಿಬಲ್ ಲಿಂಕ್ (ಫ್ಯೂಸಿನ ಹಾಗೆ ಕರಗುವ ವಯರ್ ತುಂಡು) ಇರಲಿ. ಡ್ಯಾಶ್‌ಬೋರ್ಡಿನ ಸಪ್ಲೈ ಆ ಮೀಟರಿನ ನಟ್ಟಿನಿಂದಲೇ ಕವಲೊಡೆದಿರುತ್ತದೆ, ಅದಕ್ಕೆ ಫ್ಯೂಸ್ ಇರುವ ಬೇರೆ ವಯರ್ ಕೊಡಲು ಮರೆಯಬೇಡಿ. ಚಾರ್ಜಿಂಗ್ ಬಲ್ಬ್ ಮಾತ್ರ ಕಿತ್ತು ಹಾಕಬೇಡಿ. ಆಲ್ಟರ್ನೇಟರ್ ಎಚ್ಚರವಾಗುವುದು ಆ ಸಣ್ಣ ಬಲ್ಬಿನ ಮೂಲಕ ಬರುವ ಕರೆಂಟಿನಿಂದ, ಅದು ಸುಟ್ಟಿದ್ದರೆ ಇಂಜಿನ್ ಜೋರಾಗಿ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವಾಗುವುದಿಲ್ಲ.

ಜಾಯಿಂಟುಗಳಿಗೆ ಕ್ರಿಂಪ್ ಮಾಡಿ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಹಾಕಿ. ಬರೀ ಸೋಲ್ಡರ್ ಮಾಡಿದ ವಯರ್ ಸೋಲ್ಡರ್ ಮುಗಿಯುವ ಜಾಗದಲ್ಲಿ ಅದುರಿ ಅದುರಿ ತುಂಡಾಗುತ್ತದೆ. ಹಳೆಯ ವಯರಿನ ಬಣ್ಣ ನಂಬಬೇಡಿ, 20 ವರ್ಷದಲ್ಲಿ ಎಷ್ಟು ಜನರ ಕೈ ದಾಟಿದೆಯೋ. ಮತ್ತೆ ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಹೊಸ ವಯರನ್ನು ಕೊಳವೆಯೊಳಗೆ ಹಾಕಿ, ಹೆಗ್ಗಣಕ್ಕೆ ಹೊಸ ಪ್ಲಾಸ್ಟಿಕ್ ಅಂದರೆ ಹಬ್ಬ.

---

ಚೆರ್ಕಳ ತಿರುವು

ತುಂಡಾದ ಪ್ಲೇಟ್ ಅಲೆದಾಟಕ್ಕೆ ಸ್ವಲ್ಪ ಕಾರಣ, ಪೂರ್ತಿ ಅಲ್ಲ. ಮುಂದಿನ ಆಕ್ಸಲಿನ ಕೆಳಗೆ ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್). ಕಿಂಗ್ ಪಿನ್ ಬುಷ್ ಹಾಕಿದ ಮೇಲೆ ರೀಮರ್ ಹೊಡೆಯಬೇಕು, ಕೈಯಲ್ಲಿ ಪಿನ್ ಒತ್ತಿದರೆ ಹೋಗುವಷ್ಟು. ಆಮೇಲೆ ಚಕ್ರ ಕೆಳಗಿಳಿಸಿ, ಒಬ್ಬರು ಸ್ಟಿಯರಿಂಗನ್ನು ಎಡಬಲ ಸ್ವಲ್ಪ ಸ್ವಲ್ಪ ಆಡಿಸಲಿ, ನೀವು ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ (ಸ್ಟಿಯರಿಂಗಿನ ಸರಳುಗಳು) ತುದಿಗಳ ಮೇಲೆ ಬೆರಳಿಟ್ಟು ನೋಡಿ, ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ. ಸ್ಟಿಯರಿಂಗ್ ಬಾಕ್ಸಿನ ಸ್ಕ್ರೂ ಕೊನೆಗೆ. ಚಕ್ರ ನೇರ ಇರುವಾಗ ಮಾತ್ರ ಬಿಗಿಯಬೇಕು, ತುಂಬ ಬಿಗಿದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ.

ಹಿಂದೆ ಎತ್ತಬಾರದು ಅಂದದ್ದಕ್ಕೆ ಇನ್ನೊಂದು ಕಾರಣ ಇದೇ. ವೀಲ್‌ಬೇಸ್ 2700 ಮಿಮೀ ಅಂದುಕೊಳ್ಳಿ, ಹಿಂದೆ 50 ಮಿಮೀ ಎತ್ತಿದರೆ ಇಡೀ ಚಾಸಿ ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ, ಮುಂದಿನ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿದ ಕೋನ) ಅಷ್ಟೇ ಕಡಿಮೆಯಾಗುತ್ತದೆ. ಗಾಡಿಯನ್ನು ನೇರ ಹಿಡಿಯುವುದೇ ಕ್ಯಾಸ್ಟರ್. ಗ್ಯಾರೇಜಿನವರ ಎರಡು ಪ್ಲೇಟ್ ಮತ್ತು ಶಾಕಲ್ ಹಾಕಿಸಿದ್ದರೆ 50ಕ್ಕೆ ಅಲೆದಾಡುವ ಗಾಡಿ 40ಕ್ಕೇ ಅಲೆದಾಡುತ್ತಿತ್ತು. ಹಿಂದಿನ ಆಕ್ಸಲಿಗೆ ಸಣ್ಣ ಸರಳು ಜೋಡಿಸಿದ ಬ್ರೇಕ್ ವಾಲ್ವ್ ಇದ್ದರೆ ಅದೂ ಎತ್ತರ ನೋಡಿಯೇ ಹಿಂದಿನ ಬ್ರೇಕಿಗೆ ಪ್ರೆಶರ್ ಬಿಡುವುದು. ಎತ್ತರ ಬದಲಾದರೆ ಅದರ ಲೆಕ್ಕವೂ ತಪ್ಪುತ್ತದೆ.

---

ಉಪ್ಪಳ ಕಡಲಬದಿ

ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಸವೆದ ಪ್ಲೇಟ್, ಬುಷ್, ವಯರ್ ಮೂಲ ಅಳತೆಯಲ್ಲಿ ಬದಲಾಯಿಸುವುದು ರಿಪೇರಿ, ಅದಕ್ಕೆ ಅಡ್ಡಿಯಿಲ್ಲ. ಎತ್ತರಿಸುವುದು ರಿಪೇರಿಯಲ್ಲ. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಫಿಟ್‌ನೆಸ್ ಪ್ರತಿ ವರ್ಷ, ಅಡಗಿಸಿಡಲಿಕ್ಕೂ ಆಗುವುದಿಲ್ಲ. ವೆಲ್ಡಿಂಗ್, ಪೈಂಟ್ ಮಾಡುವಾಗ ಚಾಸಿ ನಂಬ್ರ ಕೊರೆದ ಜಾಗ ಮುಟ್ಟಬೇಡಿ, ಗ್ರೀಸ್ ಹಚ್ಚಿ ಟೇಪ್ ಅಂಟಿಸಿಡಿ.

---

ಪೆರ್ಲದ ತೋಟ

ಎಲ್ಲರಿಗೂ ತುಂಬ ಉಪಕಾರ. ಆಲ್ಟರ್ನೇಟರ್ ವಯರ್ ಬಿಚ್ಚಿದಾಗ 0.42 ಇದ್ದದ್ದು 0.01ಕ್ಕೆ ಬಂತು. ಶಾಕಲ್ ಯೋಚನೆ ಬಿಟ್ಟೆ. ಕೊನೆಯ ಪ್ರಶ್ನೆ: ಲೀಫ್ ಕೂರಿಸಿದ ಮೇಲೆ ಯು ಬೋಲ್ಟ್ ಮತ್ತೆ ಯಾವಾಗ ಬಿಗಿಯಬೇಕು?

---

ಚೆರ್ಕಳ ತಿರುವು

ಕೂರಿಸುವಾಗ ನಾಲ್ಕು ನಟ್ಟನ್ನೂ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ, ಒಂದನ್ನೇ ಪೂರ್ತಿ ಎಳೆಯಬೇಡಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಮ್ಯಾನುವಲಿನ ಅಂಕಿಗೆ. ನಂತರ ಒಂದು ಲೋಡ್ ಹೊತ್ತು ಬಂದ ಮೇಲೆ ಒಮ್ಮೆ, 300 ಕಿಲೋಮೀಟರಿಗೆ ಇನ್ನೊಮ್ಮೆ. ಹೊಸ ಪ್ಲೇಟುಗಳ ಪೈಂಟ್ ಮತ್ತು ಗ್ರೀಸ್ ಅಮುಕಿಕೊಂಡು ಸೆಟ್ಟಿನ ದಪ್ಪ ಕಡಿಮೆಯಾಗುತ್ತದೆ, ಮೊದಲ ಸಲ ಕಾಲು ಸುತ್ತಾದರೂ ಹೋಗುತ್ತದೆ. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಪೈಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮಳೆಗಾಲದಲ್ಲಿ ಕೆಳಗೆ ನುಗ್ಗುವುದು ಬೇಡ, ಬಗ್ಗಿ ಟಾರ್ಚ್ ಬಿಟ್ಟರೆ ಗೆರೆ ತುಂಡಾಗಿದೆಯಾ ಕಾಣುತ್ತದೆ.